ಹಾರ್ಡ್ ಡ್ರೈವ್ ಜೊತೆ ಪ್ರಯಾಣಕ್ಕೆ ಒಯ್ಯಲು ಚಿಕ್ಕ ಪವರ್ ಅಡಾಪ್ಟರ್ ಯಾವುದು ತೆಗೆದುಕೊಳ್ಳಲಿ?

ನಿಮ್ಮ ಪ್ರಶ್ನೆ ನನಗೆ ಅರ್ಥವಾದದ್ದು ಹೀಗೆ. ಮೇಜಿನ ಮೇಲಿಡುವಂಥ 8 ಟಿಬಿ ಹಾರ್ಡ್ ಡ್ರೈವ್ ಇದೆ, ಮೂರು ತಿಂಗಳ ಕೆಲಸಕ್ಕೆ ಬೆಂಗಳೂರಿನಿಂದ ಜರ್ಮನಿಗೆ ಹೊರಟಿದ್ದೀರಿ, ಜೊತೆಗೆ ಬಂದ ಅಡಾಪ್ಟರ್ ದೊಡ್ಡದು, ಬ್ಯಾಗಿನಲ್ಲಿ ಜಾಗ ಇಲ್ಲ. ಅದರ ಬದಲು ಅಂಗೈಯಷ್ಟು ಚಿಕ್ಕದು ಸಿಗುತ್ತದಾ, ಇಲ್ಲಾ ಫೋನಿನ ಟೈಪ್-ಸಿ ಚಾರ್ಜರ್‌ನಲ್ಲೇ ಓಡಿಸಬಹುದಾ ಅಂತ ಕೇಳಿದ್ದೀರಿ. ಚಿಕ್ಕದು ಸಿಗುತ್ತದೆ, ಬೆಲೆಯೂ ಜಾಸ್ತಿ ಇಲ್ಲ. ಆದರೆ ಅಂಗಡಿಗೆ ಹೋಗುವ ಮುಂಚೆ ದಯವಿಟ್ಟು ಡ್ರೈವನ್ನು ತಲೆಕೆಳಗು ಮಾಡಿ ಅದರ ಲೇಬಲ್ ಓದಿ. ಪಿನ್ ಕೂತಿತು ಅಂದ ಮಾತ್ರಕ್ಕೆ ಅಡಾಪ್ಟರ್ ಸರಿಯಾದದ್ದು ಅಂತ ಅಲ್ಲ.

ನಾನು ಯಕ್ಷಗಾನದ ಆಟಗಳನ್ನು ವಿಡಿಯೊ ಮಾಡುವವನು. ರಾತ್ರಿಯಿಡೀ ನಡೆಯುವ ಆಟಕ್ಕೆ ಮೂರು ಕ್ಯಾಮೆರಾ ಇಟ್ಟರೆ ಬೆಳಗಾಗುವಷ್ಟರಲ್ಲಿ 500 ಜಿಬಿ ಸಲೀಸಾಗಿ ತುಂಬುತ್ತದೆ. ಹಾಗಾಗಿ ನನಗೂ ದೊಡ್ಡ ಡ್ರೈವ್ ಬೇಕೇ ಬೇಕು, ಅದನ್ನು ಹೊತ್ತುಕೊಂಡು ಊರೂರು ತಿರುಗಲೂ ಬೇಕು.

ಮೊದಲು ಒಂದು ಮಾತು. ನಿಮ್ಮ ಡ್ರೈವ್ 8 ಟಿಬಿ ಅಂದಮೇಲೆ ಅದರ ಒಳಗಿರುವುದು 3.5 ಇಂಚಿನ ಡಿಸ್ಕ್. ಅದಕ್ಕೆ 12 ವೋಲ್ಟ್ ಬೇಕು, ಕಂಪ್ಯೂಟರಿನ ಯುಎಸ್‌ಬಿ ತಂತಿಯಿಂದ ಬರುವ 5 ವೋಲ್ಟ್ ಸಾಲದು. ಜೇಬಿನಲ್ಲಿ ಹಿಡಿಸುವ 2.5 ಇಂಚಿನ ಡ್ರೈವ್‌ಗಳಿಗೆ ಈ ತಲೆನೋವೇ ಇಲ್ಲ, ಅವು 5 ವೋಲ್ಟ್‌ನಲ್ಲೇ ಓಡುತ್ತವೆ, ಯುಎಸ್‌ಬಿ 3.0 ಪೋರ್ಟ್ ಕೊಡುವ 900 ಮಿಲಿ ಆಂಪ್ ಸಾಮಾನ್ಯವಾಗಿ ಅವಕ್ಕೆ ಸಾಕು. 5 ಟಿಬಿವರೆಗೆ ಅಂಥವು ಸುಲಭವಾಗಿ ಸಿಗುತ್ತವೆ. ಮೂರು ತಿಂಗಳಿಗೆ ನಿಜವಾಗಿ ಬೇಕಾಗುವುದು 5 ಟಿಬಿ ಒಳಗೆ ಇದ್ದರೆ ಅಷ್ಟನ್ನು ಕಾಪಿ ಮಾಡಿಕೊಂಡು ದೊಡ್ಡದನ್ನು ಮನೆಯಲ್ಲೇ ಬಿಟ್ಟು ಹೋಗಿ ಅಂತಲೇ ನಾನು ಹೇಳುವುದು. ಅದಾಗಲ್ಲ, 8 ಟಿಬಿಯೂ ಬೇಕು ಅನ್ನುವುದಾದರೆ ಮುಂದೆ ಓದಿ.

ಲೇಬಲ್‌ನಲ್ಲಿ ಮೂರು ವಿಷಯ ನೋಡಬೇಕು. ವೋಲ್ಟ್ ಎಷ್ಟು, ಆಂಪ್ ಎಷ್ಟು, ಮತ್ತು ಒಂದು ಪುಟ್ಟ ಚಿತ್ರ. ಆ ಚಿತ್ರ ಸಾಸಿವೆಯಷ್ಟು ಸಣ್ಣದಿರುತ್ತದೆ, ಮೊಬೈಲಿನಲ್ಲಿ ಫೋಟೊ ತೆಗೆದು ಹಿಗ್ಗಿಸಿ ನೋಡಿ. ನಡುವೆ ಒಂದು ಚುಕ್ಕಿ, ಸುತ್ತ ಅರ್ಧ ವೃತ್ತ, ಎರಡು ಕಡೆ ಪ್ಲಸ್ ಮತ್ತು ಮೈನಸ್. ಚುಕ್ಕಿಯ ಗೆರೆ ಪ್ಲಸ್ ಕಡೆ ಹೋಗಿದ್ದರೆ ಪಿನ್ನಿನ ನಡುಭಾಗ ಪಾಸಿಟಿವ್ ಅಂತ ಅರ್ಥ. ಡ್ರೈವ್‌ಗಳಲ್ಲಿ ಸಾಮಾನ್ಯವಾಗಿ ಹೀಗೇ ಇರುತ್ತದೆ, ಆದರೂ ಹೊಸ ಅಡಾಪ್ಟರಿನ ಮೇಲಿರುವ ಚಿತ್ರವನ್ನು ಇದರ ಪಕ್ಕದಲ್ಲಿಟ್ಟು ಹೋಲಿಸದೆ ಸ್ವಿಚ್ ಹಾಕಬೇಡಿ.

ಇವುಗಳಲ್ಲಿ ವೋಲ್ಟ್ ಕರಾರುವಾಕ್ಕಾಗಿ ಹೊಂದಬೇಕು. 12 ಅಂದರೆ 12. ಆಂಪ್ ಮಾತ್ರ ಲೇಬಲ್‌ನಲ್ಲಿ ಇರುವಷ್ಟು ಅಥವಾ ಅದಕ್ಕಿಂತ ಜಾಸ್ತಿ ಇರಬೇಕು. ಡ್ರೈವ್ 1.5 ಆಂಪ್ ಕೇಳಿದರೆ 2 ಆಂಪಿನದು ಹಾಕಿ, 3 ಹಾಕಿದರೂ ಏನೂ ಆಗುವುದಿಲ್ಲ, ಡ್ರೈವ್ ತನಗೆ ಬೇಕಾದಷ್ಟನ್ನೇ ಎಳೆದುಕೊಳ್ಳುತ್ತದೆ. ಕಡಿಮೆ ಹಾಕಿದರೆ ಏನಾಗುತ್ತದೆ ಅಂತ ನನಗೆ ಮಸ್ಕತ್‌ನಲ್ಲಿ ಗೊತ್ತಾಯಿತು. ಅಲ್ಲಿನ ಕನ್ನಡಿಗರು ಆಟ ಇಟ್ಟುಕೊಂಡಿದ್ದರು, ನಾನು ಕ್ಯಾಮೆರಾ ಹಿಡಿದು ಹೋಗಿದ್ದೆ. ಡ್ರೈವ್ ಬಂತು, ಅಡಾಪ್ಟರ್ ಮನೆಯಲ್ಲೇ ಉಳಿಯಿತು. ರಾತ್ರಿ ಹನ್ನೆರಡಕ್ಕೆ ಮೆಮೊರಿ ಕಾರ್ಡ್‌ಗಳೆಲ್ಲ ತುಂಬಿವೆ, ಬೆಳಿಗ್ಗೆ ಇನ್ನೊಂದು ಕಾರ್ಯಕ್ರಮ ಇದೆ. ಉಳಿದುಕೊಂಡಿದ್ದ ಮನೆಯವರು ತಮ್ಮ ವೈಫೈ ರೂಟರಿನ ಅಡಾಪ್ಟರ್ ಕಿತ್ತು ಕೊಟ್ಟರು. 12 ವೋಲ್ಟ್, ಅದೇ ಅಳತೆಯ ಪಿನ್, ಆದರೆ 1 ಆಂಪ್. ಹಾಕಿದೆ. ಲೈಟ್ ಹತ್ತಿತು, ಒಳಗೆ ಡಿಸ್ಕ್ ಸುಂಯ್ ಅಂತ ತಿರುಗತೊಡಗಿತು, ಸದ್ದು ಏರುತ್ತಾ ಏರುತ್ತಾ ಅರ್ಧಕ್ಕೆ ಬಂದು ಟಕ್ ಅಂತ ನಿಂತಿತು. ಮತ್ತೆ ಸುಂಯ್, ಮತ್ತೆ ಟಕ್. ಮೂರನೇ ಸಲಕ್ಕೆ ಕಿತ್ತುಬಿಟ್ಟೆ. ಆ ಸದ್ದು ಕೇಳಿಸಿದರೆ ನೀವೂ ತಕ್ಷಣ ಕಿತ್ತುಬಿಡಿ, ಸುಮ್ನೆ ಮತ್ತೆ ಮತ್ತೆ ಪ್ರಯತ್ನಿಸಬೇಡಿ. ಬೀಸುಕಲ್ಲನ್ನು ಮೊದಲ ಸುತ್ತು ತಿರುಗಿಸುವಾಗ ರಟ್ಟೆಗೆ ಜಾಸ್ತಿ ಬಲ ಬೇಕು, ಆಮೇಲೆ ಹಗುರ, ಅಲ್ವಾ? ಡಿಸ್ಕ್ ಕೂಡ ಹಾಗೆಯೇ, ಶುರುವಾಗುವ ಕೆಲವು ಸೆಕೆಂಡಿಗೆ ಹೆಚ್ಚು ಕರೆಂಟ್ ಬೇಡುತ್ತದೆ, ವೇಗ ಹಿಡಿದ ಮೇಲೆ ಅದರ ಅರ್ಧಕ್ಕಿಂತ ಕಡಿಮೆಯಲ್ಲಿ ಆರಾಮಾಗಿ ಓಡುತ್ತದೆ. ಮರುದಿನ ಸಿಸಿಟಿವಿ ಸಾಮಾನು ಮಾರುವ ಅಂಗಡಿಯೊಂದರಲ್ಲಿ 12 ವೋಲ್ಟ್ 2 ಆಂಪಿನ ಅಡಾಪ್ಟರ್ ಸಿಕ್ಕಿತು. ಹಾಕಿದ ಕೂಡಲೇ ಓಡಿತು. ಎರಡು ಮೂರು ಬೆಂಕಿಪೊಟ್ಟಣ ಜೋಡಿಸಿದಷ್ಟೇ ಗಾತ್ರ ಅದು, ಈಗಲೂ ನನ್ನ ಬ್ಯಾಗಿನಲ್ಲಿ ಅದೇ ಇದೆ. ನೀವು ಹುಡುಕುತ್ತಿರುವುದೂ ಅಂಥದ್ದೇ: ನೇರವಾಗಿ ಗೋಡೆಗೆ ಚುಚ್ಚುವ, 12 ವೋಲ್ಟ್ 2 ಆಂಪಿನ, ಸಿಸಿಟಿವಿ ಕ್ಯಾಮೆರಾಗಳಿಗೆ ಬಳಸುವ ಚಿಕ್ಕ ಅಡಾಪ್ಟರ್.

ವೋಲ್ಟ್ ಜಾಸ್ತಿಯಾದರೆ ಇದಕ್ಕಿಂತ ಕೆಟ್ಟದ್ದು. ಲ್ಯಾಪ್‌ಟಾಪ್ ಅಡಾಪ್ಟರ್‌ಗಳು ಹೆಚ್ಚಾಗಿ 19 ಅಥವಾ 20 ವೋಲ್ಟಿನವು. ಡ್ರೈವ್‌ಗಳ ದುಂಡು ಪಿನ್ ಹೆಚ್ಚಿನ ಮಟ್ಟಿಗೆ ಹೊರಗೆ 5.5, ಒಳಗೆ 2.1 ಮಿಲಿಮೀಟರ್. ಕೆಲವು ಲ್ಯಾಪ್‌ಟಾಪ್‌ಗಳದ್ದು 5.5 ಮತ್ತು 2.5. ಈ 2.5ರ ಪಿನ್ ಡ್ರೈವಿನ ತೂತಿಗೂ ಸ್ವಲ್ಪ ಸಡಿಲವಾಗಿ ಹೋಗಿ ಕೂತುಬಿಡುತ್ತದೆ, ತಡೆಯುವವರು ಯಾರೂ ಇಲ್ಲ. ನನ್ನ ಸ್ನೇಹಿತನೊಬ್ಬ ಹಾಗೆ ಮಾಡಿ, ಒಂದು ಸಣ್ಣ ಚಟ್ ಸದ್ದು, ಸುಟ್ಟ ವಾಸನೆ, ಡ್ರೈವ್ ಮೂಕವಾಯಿತು. ಅವನ ಅದೃಷ್ಟಕ್ಕೆ ಬೋರ್ಡ್ ಮೇಲೆ ರಕ್ಷಣೆಗೆಂದೇ ಇಡುವ ಟಿವಿಎಸ್ ಡಯೋಡ್ ಸುಟ್ಟು ಉಳಿದದ್ದನ್ನು ಕಾಪಾಡಿತ್ತು, ರಿಪೇರಿಯವರು ಅದನ್ನು ಸರಿಪಡಿಸಿ ಡೇಟಾ ತೆಗೆದುಕೊಟ್ಟರು. ಎಲ್ಲರಿಗೂ ಹಾಗೆ ವಾಪಸ್ ಸಿಗುವುದಿಲ್ಲ. ಆದ್ದರಿಂದ ಡ್ರೈವಿನ ಅಡಾಪ್ಟರ್ ತಂತಿಗೆ ಒಂದು ಬಣ್ಣದ ಟೇಪ್ ಸುತ್ತಿಡಿ. ನಾನು ಹಳದಿ ಸುತ್ತಿದ್ದೇನೆ.

ಇನ್ನು ಟೈಪ್-ಸಿ ಚಾರ್ಜರ್. ಇಲ್ಲಿ ತುಂಬಾ ಜನ ಎಡವುತ್ತಾರೆ. ಒಂದು ತುದಿಯಲ್ಲಿ ಟೈಪ್-ಸಿ, ಇನ್ನೊಂದು ತುದಿಯಲ್ಲಿ ದುಂಡು ಪಿನ್ ಇರುವ 12 ವೋಲ್ಟಿನ ತಂತಿಗಳು ಸಿಗುತ್ತವೆ. ಒಳಗಿನ ಚಿಪ್ ಚಾರ್ಜರ್ ಹತ್ತಿರ 12 ವೋಲ್ಟ್ ಕೇಳುತ್ತದೆ. ಚಾರ್ಜರ್ ಬಳಿ ಅದು ಇದ್ದರೆ ಕೊಡುತ್ತದೆ. ಆದರೆ ಟೈಪ್-ಸಿ ಚಾರ್ಜರ್‌ಗಳು ಪಾಲಿಸುವ ಯುಎಸ್‌ಬಿ ಪಿಡಿ (ಪವರ್ ಡೆಲಿವರಿ) ನಿಯಮದ ಪ್ರಕಾರ ಸಾಮಾನ್ಯವಾಗಿ ಇರುವ ಮೆಟ್ಟಿಲುಗಳು 5, 9, 15 ಮತ್ತು 20 ವೋಲ್ಟ್. 12 ಕಡ್ಡಾಯ ಅಲ್ಲ. ಕೆಲವು ಕಂಪನಿಗಳು ಸೇರಿಸುತ್ತವೆ, ಇನ್ನು ಕೆಲವು ಸೇರಿಸುವುದಿಲ್ಲ. ಇಲ್ಲದಿದ್ದರೆ ಸಾಮಾನ್ಯವಾಗಿ 9 ವೋಲ್ಟಿಗೆ ಇಳಿಯುತ್ತದೆ, ಡ್ರೈವ್ ಏಳುವುದಿಲ್ಲ. 65 ವಾಟಿನ ಚಾರ್ಜರ್ ಅಲ್ವಾ, ಡ್ರೈವ್ ಕೇಳುವ 18 ವಾಟ್ (12 ವೋಲ್ಟ್ ಗುಣಿಸು 1.5 ಆಂಪ್) ಯಾವ ಲೆಕ್ಕ ಅಂತ ನಾನೂ ಅಂದುಕೊಂಡಿದ್ದೆ. ವಾಟ್ ಎಷ್ಟಿದ್ದರೂ ಆ ವೋಲ್ಟ್ ಇರಬೇಕಲ್ಲ. ನಿಮ್ಮ ಚಾರ್ಜರಿನ ಮೈಮೇಲೆ ಔಟ್‌ಪುಟ್ ಅಂತ ಬರೆದಿರುವ ಸಾಲಿನಲ್ಲಿ 12 ವೋಲ್ಟ್ ಎಂದು ಸ್ಪಷ್ಟವಾಗಿ ಇದ್ದು, ಪಕ್ಕದಲ್ಲಿ ಕನಿಷ್ಠ 1.5 ಅಥವಾ 2 ಆಂಪ್ ಇದ್ದರೆ ಈ ದಾರಿ ಎಲ್ಲಕ್ಕಿಂತ ಚಿಕ್ಕದು, ಬರೀ ಒಂದು ತಂತಿ ಒಯ್ದರೆ ಮುಗಿಯಿತು. ಹಾಗೆಂದು ಗುಂಡಿ ಒತ್ತಿ ವೋಲ್ಟ್ ಬದಲಿಸುವ ತಂತಿಯನ್ನು ಮಾತ್ರ ಕೊಳ್ಳಬೇಡಿ, ಬ್ಯಾಗಿನಲ್ಲಿ ಎಲ್ಲೋ ಒತ್ತಿಕೊಂಡು 20ಕ್ಕೆ ಹೋಗಿದ್ದರೆ ಮುಗಿದೇ ಹೋಯಿತು.

ಜರ್ಮನಿಯ ಸಾಕೆಟ್ ವಿಷಯ ಸುಲಭ. ಅಲ್ಲಿಯೂ ನಮ್ಮಂತೆ 230 ವೋಲ್ಟ್, 50 ಹರ್ಟ್ಸ್. ಅಲ್ಲಿನ ಸಾಕೆಟ್ ಗೋಡೆಯೊಳಗೆ ಬಟ್ಟಲಿನಂತೆ ತಗ್ಗಾಗಿರುತ್ತದೆ. ನಮ್ಮ ಮೂರು ಪಿನ್ನಿನ ಪ್ಲಗ್ ಅದಕ್ಕೆ ಹೋಗುವುದಿಲ್ಲ, ಎರಡು ಪಿನ್ನಿನ ತೆಳ್ಳಗಿನ ಯೂರೋಪ್ಲಗ್ ಹೋಗುತ್ತದೆ. ಹಾಗಾಗಿ ಎರಡು ದುಂಡು ಪಿನ್ ಇರುವ ಅಡಾಪ್ಟರನ್ನೇ ತೆಗೆದುಕೊಳ್ಳಿ, ಪ್ರತ್ಯೇಕ ಟ್ರಾವೆಲ್ ಅಡಾಪ್ಟರ್ ಬೇಕಾಗುವುದೇ ಇಲ್ಲ. ಪಿನ್ನಿನ ಬುಡ ದಪ್ಪವಿದ್ದರೆ ಬಟ್ಟಲಿನೊಳಗೆ ಇಳಿಯಲ್ಲ, ಅದನ್ನು ನೋಡಿಕೊಳ್ಳಿ. ಮುಂದೆ ಲಂಡನ್ ಕಡೆ ಹೋಗುವ ಯೋಚನೆ ಇದ್ದರೆ ತಲೆ ಬದಲಿಸಬಹುದಾದ ಅಡಾಪ್ಟರ್ ಒಳ್ಳೆಯದು, ಅಲ್ಲಿನ ಚಪ್ಪಟೆ ಮೂರು ಪಿನ್ನಿಗೆ ಬೇರೆ ತಲೆ ಸಿಕ್ಕಿಸಿದರೆ ಆಯಿತು. ಇನ್‌ಪುಟ್ 100ರಿಂದ 240 ವೋಲ್ಟ್ ಅಂತ ಇದ್ದರೆ 120 ವೋಲ್ಟಿನ ಅಮೆರಿಕದಲ್ಲೂ 100 ವೋಲ್ಟಿನ ಜಪಾನಿನಲ್ಲೂ ನಡೆಯುತ್ತದೆ. ಟ್ರಾವೆಲ್ ಅಡಾಪ್ಟರ್ ಅಂತ ಮಾರುವ ಬಹುತೇಕ ಡಬ್ಬಿಗಳು ಪಿನ್ನಿನ ಆಕಾರ ಬದಲಿಸುತ್ತವೆ ಅಷ್ಟೇ, ವೋಲ್ಟ್ ಬದಲಿಸುವುದಿಲ್ಲ.

ಕೊಳ್ಳುವುದಕ್ಕೆ ಬೆಂಗಳೂರಿನವರಿಗೆ ಎಸ್‌ಪಿ ರೋಡ್ ಸಾಕು, ಡ್ರೈವನ್ನೇ ಕೈಯಲ್ಲಿ ಹಿಡಿದುಕೊಂಡು ಹೋಗಿ ಅಲ್ಲೇ ಹಾಕಿ ನೋಡಿ. ತೀರಾ ಹಗುರವಾದದ್ದನ್ನು ಬಿಟ್ಟುಬಿಡಿ, 2 ಆಂಪ್ ಅಂತ ಬರೆದು ಅದರ ಅರ್ಧ ಕೊಡುವವು ಬೇಕಾದಷ್ಟಿವೆ. ಬಿಐಎಸ್ ಗುರುತು ಮತ್ತು ಅದರ ಜೊತೆ ಆರ್ ಅಕ್ಷರದಿಂದ ಶುರುವಾಗುವ ಎಂಟು ಅಂಕಿಯ ನಂಬರ್ ಇದೆಯಾ ನೋಡಿ, ನಮ್ಮಲ್ಲಿ ಅಡಾಪ್ಟರ್‌ಗಳಿಗೆ ಅದು ಕಡ್ಡಾಯ.

ತಂದ ಮೇಲೆ ಮನೆಯಲ್ಲಿ ಒಮ್ಮೆ ಗಟ್ಟಿಯಾಗಿ ಪರೀಕ್ಷಿಸಿ. 200 ಜಿಬಿಯಷ್ಟು ಫೈಲ್ ಕಾಪಿಗೆ ಹಾಕಿ, ಅರ್ಧ ಗಂಟೆ ಬಿಟ್ಟು ಅಡಾಪ್ಟರ್ ಮುಟ್ಟಿ. ಬೆಚ್ಚಗಿದ್ದರೆ ಸರಿ. ಕೈ ಇಡಲಾಗದಷ್ಟು ಸುಟ್ಟರೆ ವಾಪಸ್ ಕೊಟ್ಟುಬಿಡಿ. ಯೂರೋಪ್ಲಗ್‌ನ ಪಿನ್ 4 ಮಿಲಿಮೀಟರ್ ಮಾತ್ರ, ನಮ್ಮ ಸಾಕೆಟ್‌ಗಳ ತೂತು ಅದಕ್ಕಿಂತ ದೊಡ್ಡದು, ಕೆಲವು ಕಡೆ ಸಡಿಲವಾಗಿ ಕೂತು ಕಿಡಿ ಬರಬಹುದು. ಕಾಪಿಯ ನಡುವೆ ಕರೆಂಟ್ ಹೋಗಿ ಬಂದರೆ ಫೈಲ್ ಹಾಳಾಗುತ್ತದೆ, ಆದ್ದರಿಂದ ಬಿಗಿಯಾಗಿ ಹಿಡಿಯುವ ಸಾಕೆಟ್‌ನಲ್ಲಿ ಪರೀಕ್ಷಿಸಿ.

ಡ್ರೈವನ್ನು ಕೈಬ್ಯಾಗಿನಲ್ಲೇ ಇಟ್ಟುಕೊಳ್ಳಿ, ದಪ್ಪ ಟವೆಲ್ ಸುತ್ತಿ. ಹಳೆಯ ದೊಡ್ಡ ಅಡಾಪ್ಟರನ್ನು ಚೆಕ್-ಇನ್ ಸೂಟ್‌ಕೇಸಿನ ಮೂಲೆಯಲ್ಲಿ ಹಾಕಿಬಿಡಿ, ಚಿಕ್ಕದು ಕೈಕೊಟ್ಟರೆ ಅದು ಇರುತ್ತದೆ. ನಿಮ್ಮ ಡ್ರೈವಿನ ಲೇಬಲ್ ಮತ್ತು ಈಗಿರುವ ಟೈಪ್-ಸಿ ಚಾರ್ಜರಿನ ಔಟ್‌ಪುಟ್ ಸಾಲು, ಎರಡರ ಫೋಟೊ ಇಲ್ಲಿ ಹಾಕಿ. ಆ ತಂತಿ ಸಾಕಾ, ಬೇರೆ ಅಡಾಪ್ಟರ್ ಬೇಕಾ ಅಂತ ನೋಡಿ ಹೇಳುತ್ತೇನೆ.