ಕೇಳಿದ್ದನ್ನೇ ಮರಳಿ ಹೇಳುವ ಮಗು

ಪ್ರಶ್ನೆ: ಮೂರೂವರೆ ವರ್ಷದ ನನ್ನ ಮಗನಿಗೆ ಆಟಿಸಂ ಇದೆಯೆಂದು ವೈದ್ಯರು ತಿಳಿಸಿದ್ದಾರೆ. ‘ನೀರು ಬೇಕಾ?’ ಎಂದರೆ ಅವನೂ ‘ನೀರು ಬೇಕಾ?’ ಎನ್ನುತ್ತಾನೆ. ಮನೆಯಲ್ಲಿ ಕನ್ನಡದೊಂದಿಗೆ ಅಜ್ಜಿಯ ತುಳುವೂ ಇರುವುದರಿಂದ ಹೀಗಾಯಿತೇ?
– ಒಬ್ಬ ತಾಯಿ, ಮೂಡಿಗೆರೆ

ಉತ್ತರ: ಇಲ್ಲ. ಎರಡು ಭಾಷೆಗಳಿಂದ ಆಟಿಸಂ ಬರುವುದಿಲ್ಲ; ಅಂಥ ಮನೆಗಳ ಆಟಿಸಂ ಮಕ್ಕಳು ಒಂದೇ ಭಾಷೆಯವರಿಗಿಂತ ಮಾತಿನಲ್ಲಿ ಹಿಂದುಳಿಯುತ್ತಾರೆ ಎಂಬುದನ್ನು ಅಧ್ಯಯನಗಳೂ ಸಮರ್ಥಿಸಿಲ್ಲ. ತುಳುವನ್ನು ನಿಲ್ಲಿಸಿದರೆ ಮಗು ಕಳೆದುಕೊಳ್ಳುವುದು ಅಜ್ಜಿಯ ಒಡನಾಟವನ್ನೇ.

ಕೇಳಿದ್ದನ್ನೇ ಮರಳಿ ಹೇಳುವ ಈ ಮರುನುಡಿಯನ್ನು ಮಕ್ಕಳ ಮನೋವೈದ್ಯ ಲಿಯೋ ಕ್ಯಾನರ್ 1943ರಲ್ಲಿ, ಆಟಿಸಂ ಇದ್ದ 11 ಮಕ್ಕಳನ್ನು ಕುರಿತ ತಮ್ಮ ಲೇಖನದಲ್ಲಿಯೇ ಗುರುತಿಸಿದ್ದರು. ಬಹುಕಾಲ ಅನೇಕರು ಅದನ್ನು ಅರ್ಥವಿಲ್ಲದ ಗಿಳಿಪಾಠವೆಂದೇ ಬಗೆದಿದ್ದರು. 1980ರ ದಶಕದಲ್ಲಿ ವಾಕ್ ತಜ್ಞ ಬ್ಯಾರಿ ಪ್ರಿಜಾಂಟ್ ಮೊದಲಾದವರು ಮಕ್ಕಳ ನೋಟ, ಕೈಸನ್ನೆ, ಸಂದರ್ಭಗಳನ್ನೂ ಜೊತೆಗಿಟ್ಟು ಪರಿಶೀಲಿಸಿದಾಗ, ಅದೇ ಮರುನುಡಿ ಬೇಡಿಕೆಯನ್ನೋ ಒಪ್ಪಿಗೆಯನ್ನೋ ಸೂಚಿಸುವುದುಂಟೆಂದು ಕಂಡುಬಂತು. ಮಗ ಲೋಟದ ಕಡೆ ನೋಡುತ್ತಾ ಹಾಗೆಂದರೆ ಅದನ್ನು ‘ಬೇಕು’ ಎಂದೇ ತಿಳಿಯಿರಿ. ಪ್ರಶ್ನೆ ಕೇಳುವ ಬದಲು ಲೋಟ ಕೊಡುತ್ತಾ, ಅವನು ಆಡಬೇಕಾದ ರೀತಿಯಲ್ಲಿಯೇ ‘ನೀರು ಬೇಕು’ ಎನ್ನಿರಿ. ‘ಹೇಳು, ಹೇಳು’ ಎಂಬ ಒತ್ತಾಯ ಬೇಡ. ನೆಂಟರ ಮುಂದಂತೂ ಬೇಡವೇ ಬೇಡ.

ವಾಕ್ ಚಿಕಿತ್ಸೆಯನ್ನು ಮುಂದೂಡಬೇಡಿರಿ. ಚಿಕ್ಕಮಗಳೂರಿನ ಜಿಲ್ಲಾ ಆಸ್ಪತ್ರೆಯಲ್ಲಿ ವಿಚಾರಿಸಿ, ಅಗತ್ಯವಿದ್ದರೆ ಮೈಸೂರಿನ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಗೆ ಹೋಗಬಹುದು. ಹೊಸ ಕೋಣೆಯಲ್ಲಿ ಅವನು ಬಾಯಿ ಬಿಡದಿರಬಹುದಾದ್ದರಿಂದ, ಮನೆಯಲ್ಲಿ ಆಡುವ ಮಾತುಗಳ ವಿಡಿಯೊ ಮೊಬೈಲಿನಲ್ಲಿರಲಿ.