ಒಂದು ಯೂನಿಟ್ ವಿದ್ಯುತ್ತಿಗೆ ಎಷ್ಟು ಕಲ್ಲಿದ್ದಲು ಬೇಕು? ಏಳನೇ ತರಗತಿಯ ಮಗಳಿಗೆ ಹೇಗೆ ತಿಳಿಸಲಿ?

ಸುಮಾರು 600ರಿಂದ 700 ಗ್ರಾಂ, ಹೆಚ್ಚುಕಡಿಮೆ ಎರಡು ಬೊಗಸೆ. 2,000 ವಾಟ್‌ನ ಗೀಸರ್ ಅರ್ಧ ಗಂಟೆಯಲ್ಲಿ ಒಂದು ಯೂನಿಟ್ ನುಂಗುತ್ತದೆ; ಅದೇ ಒಂದು ಯೂನಿಟ್ಟಿನಲ್ಲಿ 75 ವಾಟ್‌ನ ಫ್ಯಾನ್ ಹದಿಮೂರು ಗಂಟೆ ತಿರುಗುತ್ತದೆ.

ಇಷ್ಟೊಂದು ಕಲ್ಲಿದ್ದಲು ಏಕೆ? ನಮ್ಮ ವಿಜಯಪುರ ಜಿಲ್ಲೆಯ ಕೂಡಗಿ ವಿದ್ಯುತ್ ಸ್ಥಾವರವನ್ನೇ ನೋಡಿ. ಅಲ್ಲಿ ಕಲ್ಲಿದ್ದಲು ಸುಟ್ಟು ನೀರನ್ನು ಹಬೆಯಾಗಿಸಿ, ಹಬೆಯಿಂದ ಟರ್ಬೈನ್ ಎಂಬ ದೊಡ್ಡ ಚಕ್ರವನ್ನು ತಿರುಗಿಸಿ ವಿದ್ಯುತ್ ಪಡೆಯುತ್ತಾರೆ. ಕೆಲಸ ಮುಗಿಸಿದ ಹಬೆಯನ್ನು ತಣಿಸಿ ಮತ್ತೆ ನೀರಾಗಿಸಲೇಬೇಕು. ಶಾಖ ಹೆಚ್ಚಾಗಿ ಸೋರಿಹೋಗುವುದು ಅಲ್ಲಿಯೇ. ಐದು ಪಾಲು ಶಾಖದಲ್ಲಿ ವಿದ್ಯುತ್ತಾಗುವುದು ಸುಮಾರು ಎರಡೇ ಪಾಲು. ಮಕ್ಕಳಿಗೆ ಬಾಯಿಮಾತಿಗಿಂತ ತಕ್ಕಡಿ ಬೇಗ ಅರ್ಥವಾಗುತ್ತದೆ. ಗೀಸರ್ ಹಾಕುವ ಮೊದಲೊಮ್ಮೆ, ಆರಿಸಿದ ಮೇಲೊಮ್ಮೆ ಮಗಳಿಂದಲೇ ಮೀಟರ್ ಓದಿಸಿ, ಯೂನಿಟ್ಟಿಗೆ 650 ಗ್ರಾಂನಂತೆ ಕಲ್ಲಿದ್ದಲಿನ ಬದಲು ಜೋಳ ತೂಗಿಸಿ.