ಬೆಕ್ಕಿನ ಊಟದ ಸುಳ್ಳು ಲೆಕ್ಕ

ಕಾಯಿಲೆಯವರು ಇರುವ ಮನೆಯಲ್ಲಿ ಒಂದು ನೋಟ್‌ಬುಕ್ ಇದ್ದೇ ಇರುತ್ತದೆ. ಅಜ್ಜಿಯ ಶುಗರ್ ಎಷ್ಟು ಬಂತು, ಮಾತ್ರೆ ಕೊಟ್ಟದ್ದು ಎಷ್ಟು ಗಂಟೆಗೆ, ಗಂಜಿ ಎಷ್ಟು ಕುಡಿದರು. ನಾನು ಆಪ್ತಸಲಹೆಗಾರ್ತಿ. ಆ ನೋಟ್‌ಬುಕ್‌ನಲ್ಲಿ ಸುಳ್ಳು ಬರೆದು ಸಿಕ್ಕಿಹಾಕಿಕೊಂಡವರು ನನ್ನ ಹತ್ತಿರ ಮತ್ತೆ ಮತ್ತೆ ಬರುತ್ತಾರೆ. ಇವರು ಸೋಮಾರಿಗಳಲ್ಲ, ಮೋಸಗಾರರೂ ಅಲ್ಲ. ರಾತ್ರಿ ನಿದ್ದೆಗೆಟ್ಟು ಆರೈಕೆ ಮಾಡುವವರೇ ಹೀಗೆ ಬರೆಯುತ್ತಾರೆ. ಅಂಥ ಪ್ರಕರಣಗಳಲ್ಲಿ ನನ್ನನ್ನು ಹೆಚ್ಚು ಕಾಡಿದ್ದು ಒಂದು ಬೆಕ್ಕಿನದು. ಅದನ್ನು ಸಾಕಿದವರ ಒಪ್ಪಿಗೆ ಪಡೆದೇ ಬರೆಯುತ್ತಿದ್ದೇನೆ. ಗುರುತು ಸಿಗದ ಹಾಗೆ ವಿವರಗಳನ್ನು ಬದಲಿಸಿದ್ದೇನೆ.

ಅವರನ್ನು ರಾಯರು ಅನ್ನೋಣ. ತೀರ್ಥಹಳ್ಳಿ ಕಡೆಯವರು. ನೌಕರಿಯಿಂದ ನಿವೃತ್ತರು, ಸ್ವಲ್ಪ ಅಡಿಕೆ ತೋಟ ಇದೆ. ಮನೆಯಲ್ಲಿ ಗಂಡ ಹೆಂಡತಿ ಇಬ್ಬರೇ. ಒಬ್ಬಳೇ ಮಗಳು, ಹೊರದೇಶದಲ್ಲಿ ಕೆಲಸ. ಬೆಕ್ಕು ಅವಳದು. ಕಾಲೇಜಿಗೆ ಹೋಗುವಾಗ ಮರಿ ತಂದು ಸಾಕಿದ್ದಳು, ದೂರ ಹೊರಟಾಗ ಅಪ್ಪನ ಕೈಗೆ ಒಪ್ಪಿಸಿ ಹೋದಳು. ಬೆಕ್ಕಿನ ಹೆಸರು ಚಿನ್ನಿ ಅಂತ ಇಟ್ಟುಕೊಳ್ಳಿ. ಈಗ 13 ವರ್ಷ. ಸಕ್ಕರೆ ಕಾಯಿಲೆ, ಕಿಡ್ನಿ ತೊಂದರೆ, ಅದರ ಮೇಲೆ ವಸಡಿನ ಹುಣ್ಣು. ರಾಯರನ್ನು ನನ್ನ ಹತ್ತಿರ ಕರೆದುಕೊಂಡು ಬಂದದ್ದು ಅವರ ಹೆಂಡತಿ. "ಇವರಿಗೆ ನಿದ್ದೆ ಇಲ್ಲ ಮೇಡಂ. ಮೂರು ಗಂಟೆಗೇ ಎದ್ದು ಬೆಕ್ಕಿನ ತಟ್ಟೆ ಹಿಡ್ಕೊಂಡು ಕೂರ್ತಾರೆ" ಅಂದರು.

ಈ ಮೂರು ಕಾಯಿಲೆ ಒಟ್ಟಿಗೆ ಬಂದರೆ ಊಟದ ವಿಷಯದಲ್ಲಿ ಎಂಥ ಪೇಚಾಟ ಅನ್ನುವುದನ್ನು ಸ್ವಲ್ಪ ಹೇಳಲೇಬೇಕು. ಸಕ್ಕರೆ ಕಾಯಿಲೆಯ ಬೆಕ್ಕಿಗೆ ಅನ್ನ, ಹಿಟ್ಟಿನ ಅಂಶ ಕಡಿಮೆ ಇರಬೇಕು, ಮಾಂಸದ ಅಂಶ ಜಾಸ್ತಿ ಇರಬೇಕು. ಕಿಡ್ನಿಗೆ ರಂಜಕ (ಫಾಸ್ಫರಸ್) ಕಡಿಮೆ ಇರಬೇಕು. ಆದರೆ ಮಾಂಸ, ಮೀನು, ಹಾಲಿನಲ್ಲಿ ರಂಜಕ ಜಾಸ್ತಿ. ಹಾಗಾಗಿ ಕಿಡ್ನಿಗೆ ಅಂತ ಸಿಗುವ ಪ್ಯಾಕೆಟ್ ಆಹಾರದಲ್ಲಿ ಪ್ರೋಟೀನ್ ಕಡಿಮೆ ಮಾಡಿ ಹಿಟ್ಟಿನ ಅಂಶ ಸೇರಿಸಿರುತ್ತಾರೆ. ಅದು ಸಕ್ಕರೆಗೆ ಆಗುವುದಿಲ್ಲ. ವಸಡು ನೋಯುವ ಬೆಕ್ಕಿಗೆ ಗಟ್ಟಿ ಕಾಳಿನಂಥ ಆಹಾರ ಅಗಿಯಲು ಆಗುವುದಿಲ್ಲ. ನಮ್ಮ ಮಲೆನಾಡಿನ ಬೆಕ್ಕು ಮೊದಲಿಂದ ತಿಂದು ಬೆಳೆದದ್ದು ಹಾಲನ್ನ, ಮೊಸರನ್ನ, ಸಂತೆಯಿಂದ ತಂದ ಒಣಮೀನು. ಮೂರೂ ಈಗ ಬೇಡ.

ರಾಯರ ಮನೆಯಲ್ಲಿ ಇನ್ನೊಂದು ಕಷ್ಟ ಇತ್ತು. ಅವರು ಸಸ್ಯಾಹಾರಿಗಳು. ಒಳಗೆ ಮಾಂಸ ತರುವ ಹಾಗಿಲ್ಲ. ತೋಟದ ಕೆಲಸಕ್ಕೆ ಬರುವ ಹೆಂಗಸಿನ ಮನೆಯಲ್ಲಿ ಕೋಳಿ ಬೇಯಿಸಿ ತರಿಸಿ, ಕೊಟ್ಟಿಗೆಯ ಪಕ್ಕದ ಜಗಲಿಯಲ್ಲಿ ಬೆಕ್ಕಿಗೆ ಹಾಕುತ್ತಿದ್ದರು. ಈರುಳ್ಳಿ, ಬೆಳ್ಳುಳ್ಳಿ ಬೆಕ್ಕಿನ ರಕ್ತಕ್ಕೆ ವಿಷ ಅಂತ ಡಾಕ್ಟರು ಹೇಳಿದ್ದರಿಂದ ಅದಕ್ಕೆ ಬೇರೆ ಪಾತ್ರೆ, ಬೇರೆ ಸೌಟು. ಬರೀ ಬೇಯಿಸಿದ ಕೋಳಿಯೂ ಪೂರ್ತಿ ಊಟ ಅಲ್ಲ ಅಂತ ಜೊತೆಗೆ ಪ್ಯಾಕೆಟ್‌ನ ಮೆತ್ತನೆಯ ಆಹಾರ. ಇಷ್ಟನ್ನೂ ಎಪ್ಪತ್ತರ ಹತ್ತಿರದ ಮನುಷ್ಯ ದಿನಕ್ಕೆ ನಾಲ್ಕು ಸಲ ಮಾಡುತ್ತಿದ್ದರು.

ಮೊದಮೊದಲು ಅವರು ಮಾತಾಡಿದ್ದೆಲ್ಲ ನಿದ್ದೆಯ ಬಗ್ಗೆ, ಬಿ.ಪಿ. ಬಗ್ಗೆ, ತೋಟದ ಕೊಳೆ ರೋಗದ ಬಗ್ಗೆ. ಬೆಕ್ಕಿನ ಮಾತು ಬಂದರೆ, "ಅದು ಚೆನ್ನಾಗಿದೆ, ಎಲ್ಲ ಬರೆದಿಟ್ಟಿದ್ದೇನೆ" ಅನ್ನುತ್ತಿದ್ದರು. ಹಾಗಾದರೆ ಆ ಪುಸ್ತಕ ತನ್ನಿ, ನೋಡೋಣ ಅಂದೆ.

ತಂದರು. ಅಡಿಕೆ ಲೆಕ್ಕ ಬರೆಯುವ ಉದ್ದನೆಯ ಪುಸ್ತಕ, ಕೆಂಪು ರಟ್ಟು. ಸ್ಕೇಲ್ ಇಟ್ಟು ಗೆರೆ ಎಳೆದಿದ್ದರು. ದಿನಾಂಕ, ಹೊತ್ತು, ಆಹಾರ, ತಿಂದದ್ದು, ನೀರು, ಇನ್ಸುಲಿನ್. 'ತಿಂದದ್ದು' ಅನ್ನುವ ಕಾಲಂನಲ್ಲಿ 40 ಗ್ರಾಂ. ಕೆಳಗೆ 40. ಮತ್ತೆ 38, 40, 42, 40. ಪುಟ ತಿರುಗಿಸಿದೆ, ಅದೇ. ಗುಡುಗಿಗೆ ಹೆದರಿ ಬೆಕ್ಕು ಇಡೀ ದಿನ ಅಟ್ಟದಿಂದ ಇಳಿದೇ ಇರಲಿಲ್ಲ ಅಂತ ಅವರೇ ಒಮ್ಮೆ ಹೇಳಿದ್ದರು. ಆ ದಿನದ ಸಾಲಿನಲ್ಲೂ ನಾಲ್ಕು ಹೊತ್ತು ನಲವತ್ತು.

"ಬೆಕ್ಕು ಇಷ್ಟು ಶಿಸ್ತಾಗಿ ತಿನ್ನುತ್ತಾ ರಾಯರೇ?" ಅಂತ ಕೇಳಿದೆ.

"ಬಾಗಿಲು ಹಾಕಿದೆಯಾ ಮೇಡಂ?" ಅಂದರು. ಹೆಂಡತಿ ಹೊರಗೆ ಕೂತಿದ್ದರು. ಹಾಕಿದೆ ಅಂದೆ.

"ತಿನ್ನೋದಿಲ್ಲ. 15 ಗ್ರಾಂ ತಿಂದ್ರೆ ಹೆಚ್ಚು. ಹಸಿವಾದವರ ಹಾಗೆ ಓಡಿ ಬರ್ತದೆ, ಮೂಸ್ತದೆ, ತುಟಿ ನೆಕ್ಕಿಕೊಳ್ತದೆ, ಹಿಂದೆ ಹೋಗ್ತದೆ. ಉಳಿದದ್ದನ್ನ ನಾಯಿಗೆ ಹಾಕ್ತೇನೆ. ರಾತ್ರಿ ಮಗಳು ವಿಡಿಯೋ ಕಾಲ್ ಮಾಡ್ತಾಳೆ. ತಟ್ಟೆ ತೋರಿಸಪ್ಪಾ ಅಂತಾಳೆ. ಖಾಲಿ ತಟ್ಟೆ ತೋರಿಸ್ತೇನೆ."

"ತುಂಬಿದ ತಟ್ಟೆ ತೋರಿಸಿದ್ರೆ?"

"ಒಂದಿನ ತೋರಿಸಿದ್ದೆ. ಅವಳು ನನಗೆ ಏನೂ ಅನ್ನಲಿಲ್ಲ. ಸುಮ್ನೆ ಅಳ್ತಾ ಕೂತಳು. ಅಲ್ಲಿ ಅವಳು ಒಬ್ಳೇ ಇರೋದು ಮೇಡಂ. ಅಷ್ಟು ದೂರದಲ್ಲಿ ಅಳೋ ಮಗಳನ್ನ ನಾನು ಇಲ್ಲಿ ಕೂತು ಎಂತ ಮಾಡ್ಲಿ?"

ನನಗೆ ಮುಂದಿನ ಪ್ರಶ್ನೆ ಕೇಳಲು ಭಯ ಆಯಿತು, ಆದರೂ ಕೇಳಿದೆ. ಇನ್ಸುಲಿನ್ ಎಷ್ಟು ಕೊಡ್ತೀರಿ?

"ಡಾಕ್ಟರ್ ಹೇಳಿದಷ್ಟೇ. ಎರಡು ಹೊತ್ತೂ. ಕಡಿಮೆ ಮಾಡಿದ್ರೆ ಯಾಕೆ ಕಡಿಮೆ ಮಾಡಿದೆ ಅಂತ ಬರೀಬೇಕಲ್ಲ?"

ಇನ್ಸುಲಿನ್‌ನ ಪ್ರಮಾಣ ನಿರ್ಧಾರ ಆಗುವುದು ಬೆಕ್ಕು ತಿನ್ನುತ್ತದೆ ಅನ್ನುವ ಲೆಕ್ಕದ ಮೇಲೆ. ತಿನ್ನದ ಬೆಕ್ಕಿಗೆ ಪೂರ್ತಿ ಡೋಸ್ ಕೊಟ್ಟರೆ ರಕ್ತದ ಸಕ್ಕರೆ ತೀರಾ ಇಳಿದು ಜೀವಕ್ಕೇ ಅಪಾಯ. ಕಿಡ್ನಿ ಸೋತಿದ್ದರೆ ಇನ್ಸುಲಿನ್ ದೇಹದಿಂದ ಹೋಗುವುದೂ ನಿಧಾನ ಆಗಬಹುದು. ಸಕ್ಕರೆ ಹಾಗೆ ಇಳಿದದ್ದೂ ಆಗಿತ್ತು. ಒಂದು ಬೆಳಗಿನ ಜಾವ ಚಿನ್ನಿ ಹಿಂಗಾಲು ಎಳೆಯುತ್ತಾ, ತೂರಾಡುತ್ತಾ ಗೋಡೆಗೆ ಒರಗಿತ್ತು. ರಾಯರ ಹೆಂಡತಿ ಅದರ ವಸಡಿಗೆ ಜೇನು ಸವರಿ ಮಡಿಲಲ್ಲಿ ಇಟ್ಟುಕೊಂಡರು. ಬೆಕ್ಕಿನ ಡಾಕ್ಟರು ಇರುವ ಶಿವಮೊಗ್ಗಕ್ಕೆ ಸುಮಾರು 60 ಕಿಲೋಮೀಟರ್. ದಾರಿಯಲ್ಲಿ ಮಂಡಗದ್ದೆ ದಾಟುವ ಹೊತ್ತಿಗೆ ಬೆಕ್ಕು ತಲೆ ಎತ್ತಿತಂತೆ. ಡಾಕ್ಟರು ಪುಸ್ತಕ ನೋಡಿದರು. ಇಷ್ಟು ಚೆನ್ನಾಗಿ ತಿಂದೂ ಸಕ್ಕರೆ ಯಾಕೆ ಇಳಿಯಿತು, ತೂಕ ಯಾಕೆ ಕಡಿಮೆ ಆಗುತ್ತಿದೆ ಅಂತ ಯೋಚನೆಗೆ ಬಿದ್ದರು. ವಯಸ್ಸಾದ ಬೆಕ್ಕು ಚೆನ್ನಾಗಿ ತಿಂದೂ ಸಣ್ಣಗಾದರೆ ಥೈರಾಯ್ಡ್ ಜಾಸ್ತಿ ಆಗಿರಬಹುದು ಅಂತ ಅನುಮಾನ ಬರುವುದು ಸಹಜ. ಆ ಪರೀಕ್ಷೆಯನ್ನೂ ಮಾಡಿಸಿದರು. ಏನೂ ಇರಲಿಲ್ಲ. ಉತ್ತರ ಗೊತ್ತಿದ್ದ ಒಬ್ಬರೇ ಒಬ್ಬರು ಪಕ್ಕದಲ್ಲಿ ಸುಮ್ಮನೆ ನಿಂತಿದ್ದರು. ನಿದ್ದೆ ಹೋದದ್ದು ಅಲ್ಲಿಂದ.

ನಾನು ಅವರಿಗೆ ಹೇಳಿದ್ದು: "ಇಲ್ಲಿಂದ ಎದ್ದು ಹೋಗುವ ಮೊದಲು ಡಾಕ್ಟರಿಗೆ ಫೋನ್ ಮಾಡಿ. ನಾನು ಇಲ್ಲೇ ಇರುತ್ತೇನೆ."

ಈ ಮಾತಿಗೆ ನನ್ನ ವೃತ್ತಿಯ ಕೆಲವರು ಆಕ್ಷೇಪ ಎತ್ತಿದರು. ಆಪ್ತಸಲಹೆಗಾರರು ಹೀಗೆ ಮಾಡಿ ಅಂತ ಅಪ್ಪಣೆ ಕೊಡಬಾರದು, ಬಂದವರು ತಾವೇ ದಾರಿ ಕಂಡುಕೊಳ್ಳಲು ಬಿಡಬೇಕು ಅಂತ ನಮಗೆ ಕಲಿಸುತ್ತಾರೆ. ನಾನೂ ಅದನ್ನು ನಂಬುತ್ತೇನೆ. ಆದರೆ ಆ ದಿನ ಸಂಜೆ ಇನ್ನೊಂದು ಇಂಜೆಕ್ಷನ್ ಇತ್ತು. ಮುಂದಿನ ವಾರದ ಭೇಟಿಯವರೆಗೆ ಕಾಯುವುದು ಅಂದರೆ ಒಂದು ಜೀವವನ್ನು ಪಣಕ್ಕೆ ಇಡುವುದು. ಅದು ಬೆಕ್ಕಿನ ಜೀವ ಆದರೂ ಅಷ್ಟೇ. ಮೇಲಾಗಿ, ಆ ಬೆಕ್ಕು ಹೀಗೆ ಸತ್ತಿದ್ದರೆ ರಾಯರು ಉಳಿದ ಆಯುಷ್ಯವೆಲ್ಲ ಆ ಪುಸ್ತಕವನ್ನು ತಲೆಯಲ್ಲಿ ಹೊತ್ತು ಬದುಕಬೇಕಿತ್ತು. ಹಾಗಾಗಿ ಹೇಳಿದೆ. ಇನ್ನೊಮ್ಮೆ ಹಾಗೇ ಆದರೂ ಹಾಗೇ ಹೇಳುತ್ತೇನೆ.

ಫೋನಿನಲ್ಲಿ ಡಾಕ್ಟರು ಬೈಯಲಿಲ್ಲ. ಆ ಸಂಜೆಯ ಡೋಸ್ ಏನು ಮಾಡಬೇಕು ಅಂತ ಮೊದಲು ಹೇಳಿದರು. ಆಮೇಲೆ ಕೇಳಿದ್ದು ಒಂದೇ ಪ್ರಶ್ನೆ. ಹತ್ತಿರ ಬಂದು, ಮೂಸಿ, ತುಟಿ ನೆಕ್ಕಿ ಹಿಂದೆ ಹೋಗುತ್ತದಾ? ಹೌದು ಅಂದರು ರಾಯರು. ಅದು ಹಸಿವಿಲ್ಲದ್ದಲ್ಲ, ಹೊಟ್ಟೆ ತೊಳಸುವುದರ ಲಕ್ಷಣ ಅಂತ ಡಾಕ್ಟರು ವಿವರಿಸಿದರು. ಕಿಡ್ನಿ ತೊಂದರೆಯಲ್ಲಿ ಅದು ಮಾಮೂಲು. ಬಾಯಿ ನೋವೂ ಸೇರಿತ್ತು. ಎರಡಕ್ಕೂ ಔಷಧಿ ಇದೆ, ಹಸಿವು ಹೆಚ್ಚಿಸುವ ಔಷಧಿಯೂ ಇದೆ. ಪುಸ್ತಕದಲ್ಲಿ 40 ಗ್ರಾಂ ಅಂತ ಇದ್ದ ಅಷ್ಟು ದಿನ ಇದ್ಯಾವುದನ್ನೂ ಕೊಡುವ ಪ್ರಶ್ನೆಯೇ ಬಂದಿರಲಿಲ್ಲ. ಸುಳ್ಳು ಲೆಕ್ಕದಿಂದ ಚಿನ್ನಿಗೆ ಆದ ದೊಡ್ಡ ನಷ್ಟ ಇದೇ ಅಂತ ನನ್ನ ಅಭಿಪ್ರಾಯ.

ಆಮೇಲೆ ನಾವು ಪುಸ್ತಕ ಬದಲಿಸಿದೆವು. 'ತಿಂದದ್ದು' ಅನ್ನುವ ಕಾಲಂ ತೆಗೆಸಿದೆ. ಅದರ ಬದಲು 'ಹಾಕಿದ್ದು', 'ಉಳಿದದ್ದು'. ತಿಂದದ್ದು ಅಂತ ಬರೆಯುವಾಗ ರಾಯರಿಗೆ ಅದು ತನ್ನ ಅಂಕಪಟ್ಟಿ ಅನ್ನಿಸುತ್ತಿತ್ತು. ಉಳಿದದ್ದನ್ನು ತಕ್ಕಡಿಯಲ್ಲಿ ಇಟ್ಟು ತೂಗಿ ಬರೆಯುವುದರಲ್ಲಿ ಪಾಸು ಫೇಲು ಇಲ್ಲ. ಒಂದು ಹೊತ್ತು ಅವರು, ಒಂದು ಹೊತ್ತು ಹೆಂಡತಿ ತೂಗಬೇಕು. ವಾರಕ್ಕೊಮ್ಮೆ ಬೆಕ್ಕಿನ ತೂಕ. ತಟ್ಟೆ 20 ನಿಮಿಷ ಇಟ್ಟು ತೆಗೆಯಬೇಕು, ಹಿಂದೆ ಹಿಂದೆ ಹಿಡಿದುಕೊಂಡು ಹೋಗಬಾರದು. ಹೊಟ್ಟೆ ತೊಳಸುವಾಗ ಬಾಯಿಗೆ ತುರುಕಿದರೆ ಬೆಕ್ಕು ಆ ಆಹಾರವನ್ನೇ ದ್ವೇಷಿಸಲು ಕಲಿಯುತ್ತದೆ. ಇಷ್ಟದ ಊಟದಲ್ಲಿ ಕಹಿ ಔಷಧಿ ಬೆರೆಸಿದರೂ ಹಾಗೇ.

ಡಾಕ್ಟರ ಹತ್ತಿರ ಎರಡು ವಿಷಯ ಬರೆಸಿಕೊಂಡು ಬನ್ನಿ ಅಂದೆ. ಮೂರು ಕಾಯಿಲೆಯಲ್ಲಿ ಈಗ ಯಾವುದಕ್ಕೆ ಮೊದಲ ಸ್ಥಾನ? ಉಳಿದದ್ದು ಎಷ್ಟಾದರೆ ಇನ್ಸುಲಿನ್ ಕೊಡುವ ಮೊದಲು ಫೋನ್ ಮಾಡಬೇಕು? ಮೊದಲನೆಯದಕ್ಕೆ ಡಾಕ್ಟರ ಉತ್ತರ: ಸದ್ಯಕ್ಕೆ ಬೆಕ್ಕು ತಿನ್ನುವುದೇ ಮೊದಲು. ಕಿಡ್ನಿಯ ಪ್ಯಾಕೆಟ್ ಬದಿಗಿಡಿ, ಹಿಟ್ಟಿನ ಅಂಶ ಕಡಿಮೆ ಇರುವ ಮೆತ್ತನೆಯ ಆಹಾರ ಕೊಡಿ, ರಂಜಕವನ್ನು ಹೊಟ್ಟೆಯಲ್ಲೇ ಹಿಡಿದಿಡುವ ಪುಡಿ ಬೇರೆ ಇದೆ. ಈ ಎರಡು ಸಾಲು ಗೋಡೆಗೆ ಅಂಟಿಸಿದ ಮೇಲೆ ಬೆಳಗಿನ ಮೂರು ಗಂಟೆಯ ಲೆಕ್ಕಾಚಾರ ನಿಂತಿತು. ಮೂರು ಕಾಯಿಲೆಯನ್ನು ಒಂದೇ ತಟ್ಟೆಯಲ್ಲಿ ಸರಿಮಾಡುವ ಜವಾಬ್ದಾರಿ ತನ್ನದು ಅಂತ ಅವರು ಅಂದುಕೊಂಡಿದ್ದರು. ಅದು ಅವರ ಕೆಲಸ ಆಗಿರಲೇ ಇಲ್ಲ.

"ಬೆಕ್ಕಿಗೆಲ್ಲ ಕೌನ್ಸೆಲಿಂಗಾ?" ಅಂತ ಕೇಳುವವರಿದ್ದಾರೆ. ಮರೆವಿನ ಕಾಯಿಲೆಯವರನ್ನು ನೋಡಿಕೊಳ್ಳುವವರ ಹೊರೆಯನ್ನು ಅಳೆಯಲು 1980ರಲ್ಲಿ ಸ್ಟೀವನ್ ಝಾರಿಟ್ ಮತ್ತು ಜೊತೆಯವರು ಒಂದು ಪ್ರಶ್ನಾವಳಿ ಮಾಡಿದರು. ಅದನ್ನೇ ಹೊಂದಿಸಿಕೊಂಡು ಅಮೆರಿಕದ ಮೇರಿ ಬೆತ್ ಸ್ಪಿಟ್ಸ್‌ನಾಗಲ್ ಮತ್ತು ಸಂಗಡಿಗರು ಕಾಯಿಲೆ ಇರುವ ಸಾಕುಪ್ರಾಣಿಗಳ ಮಾಲೀಕರನ್ನು ಪರೀಕ್ಷಿಸಿ 2017ರಲ್ಲಿ ಪ್ರಕಟಿಸಿದರು. ಆರೋಗ್ಯವಾಗಿರುವ ಪ್ರಾಣಿ ಸಾಕಿದವರಿಗಿಂತ ಇವರಲ್ಲಿ ಹೊರೆ, ಒತ್ತಡ, ಖಿನ್ನತೆಯ ಲಕ್ಷಣ ಹೆಚ್ಚಾಗಿ ಕಂಡವು. ನನಗೆ ಇದು ಹೊಸತಲ್ಲ. ನನ್ನ ಕುರ್ಚಿಯ ಎದುರು ಕೂತಿದ್ದವರು ರಾಯರು, ಬೆಕ್ಕಲ್ಲ.

ಇನ್ನು ಮಗಳು. ಅವಳನ್ನು ದೂರುವುದು ಸುಲಭ, ನಾನು ದೂರುವುದಿಲ್ಲ. ದೂರದಲ್ಲಿ ಇರುವವರಿಗೆ ಕೇಳಲು ಸಿಗುವುದು ಸಂಖ್ಯೆ ಒಂದೇ. ಅಪ್ಪ ಅಮ್ಮ ಇಬ್ಬರೂ ಕೂತು ವಿಡಿಯೋ ಕಾಲ್‌ನಲ್ಲಿ ಎಲ್ಲ ಹೇಳಿದರು. ಅವಳು ಅತ್ತಳು, ಸಿಟ್ಟೂ ಮಾಡಿದಳು. ಎರಡು ದಿನ ಫೋನ್ ಇರಲಿಲ್ಲ. ಮೂರನೇ ದಿನ ತಾನೇ ಡಾಕ್ಟರ ಜೊತೆ ಮಾತಾಡಿ, ಔಷಧಿ ತರಿಸುವ ಕೆಲಸವನ್ನು ತಾನು ವಹಿಸಿಕೊಂಡಳು. ಈಗ ತಟ್ಟೆ ತೋರಿಸು ಅನ್ನುವುದಿಲ್ಲವಂತೆ. "ಇವತ್ತು ಯಾವುದು ಕಷ್ಟ ಆಯ್ತು ಅಪ್ಪಾ?" ಅಂತ ಕೇಳುತ್ತಾಳೆ. ಅಪ್ಪ ಅಮ್ಮನ ಹತ್ತಿರ ಕಾಯಿಲೆಯವರನ್ನು ಬಿಟ್ಟು ಬೆಂಗಳೂರಿಗೋ ಹೊರದೇಶಕ್ಕೋ ಹೋದ ಮಕ್ಕಳೆಲ್ಲ ಹೀಗೇ ಕೇಳಲಿ ಅಂತ ನನ್ನ ಆಸೆ.

ಚಿನ್ನಿ ಇದೆ. ಪೂರ್ತಿ ಗುಣ ಆಗುವ ಕಾಯಿಲೆಗಳು ಅಲ್ಲ. ತೂಕ ಇಳಿಯುವುದು ನಿಂತಿದೆ. ಕೆಲವು ದಿನ 'ಹಾಕಿದ್ದು 40, ಉಳಿದದ್ದು 40, ಡಾಕ್ಟರಿಗೆ ಹೇಳಿದೆ' ಅಂತಲೂ ಪುಸ್ತಕದಲ್ಲಿ ಇರುತ್ತದೆ.

ಬೆಕ್ಕು ಸಾಕಿದವರಿಗೆ ಒಂದು ಮಾತು. ಬೆಕ್ಕು ಒಂದು ದಿನ ಪೂರ್ತಿ ಏನೂ ತಿನ್ನದಿದ್ದರೆ ನಾಳೆ ನೋಡೋಣ ಅನ್ನಬೇಡಿ. ಉಪವಾಸ ಬಿದ್ದ ಬೆಕ್ಕಿನ ಲಿವರ್‌ನಲ್ಲಿ ಕೊಬ್ಬು ತುಂಬಿ ಅದೇ ಹೊಸ ಕಾಯಿಲೆ ಆಗಬಹುದು, ದಪ್ಪ ಬೆಕ್ಕಾದರೆ ಇನ್ನೂ ಬೇಗ. ನೋವಿಗೆ ಅಂತ ನಮ್ಮ ಪ್ಯಾರಾಸಿಟಮಾಲ್ ಕೊಡಲೇಬೇಡಿ, ಅದು ಬೆಕ್ಕನ್ನು ಕೊಲ್ಲುತ್ತದೆ. ಆಹಾರವನ್ನು ಸ್ವಲ್ಪ ಬೆಚ್ಚಗೆ ಮಾಡಿ ಅಗಲ ತಟ್ಟೆಯಲ್ಲಿ ಇಡಿ, ವಾಸನೆ ಬಂದರೆ ತಿನ್ನಲು ಮನಸ್ಸು ಮಾಡುತ್ತದೆ.

ರಾಯರ ಹಾಗೆ ಸುಳ್ಳು ತುಂಬಿದ ಪುಸ್ತಕ ನಿಮ್ಮ ಮನೆಯಲ್ಲೂ ಇದ್ದರೆ, ಅದು ಬೆಕ್ಕಿನದಿರಲಿ, ಅತ್ತೆಯವರದಿರಲಿ, ಹಳೆ ಪುಟಗಳನ್ನು ತಿದ್ದಲು ಕೂರಬೇಡಿ. ಡಾಕ್ಟರಿಗೆ ಫೋನ್ ಮಾಡಿ, "ಇಷ್ಟು ದಿನ ಬರೆದದ್ದು ಸರಿ ಇಲ್ಲ" ಅಂತ ಹೇಳಿಬಿಡಿ. ಇನ್ಸುಲಿನ್ ಇರುವ ಮನೆಯಾದರೆ ಮುಂದಿನ ಇಂಜೆಕ್ಷನ್‌ಗೆ ಮೊದಲೇ ಹೇಳಿ.